ಯಂತ್ರ ಬಂತು, ಕಲಿಸೋರು ಯಾರು? ಸ್ಮಾರ್ಟ್ ಸಿಟಿಗಿಂತ ಮುಂಚಿನ ನೂರು ವರ್ಷದ ಕತೆ



ಇವತ್ತಿನ ಕತೆ ನಮ್ಮನೆ ಊಟದ ಟೇಬಲ್ಲಿಂದ ಶುರು ಆಗುತ್ತೆ.

ನಮ್ಮಮ್ಮ ಒಂದು ಊರಿನ ನಗರಸಭೆಯಲ್ಲಿ ಕಂದಾಯ ವಿಭಾಗದ ಗುಮಾಸ್ತೆ. ಊರಿನ ಹೆಸರು ಬೇಡ ಬಿಡಿ, ಅವರಿನ್ನೂ ಕೆಲಸದಲ್ಲಿದ್ದಾರೆ. ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅವರಿಗೆ ಐವತ್ತೊಂದು. ಆಗ ಅವರ ತಲೆ ಮೇಲೆ ಒಂದು ಪರೀಕ್ಷೆ ನೇತಾಡ್ತಿತ್ತು. ಕರ್ನಾಟಕ ಸರ್ಕಾರ 2012ರಲ್ಲಿ ನಿಯಮ ಮಾಡಿ, ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಕಡ್ಡಾಯ ಮಾಡ್ತು. ಪಾಸಾಗದಿದ್ರೆ ಬಡ್ತಿಗೆ, ಇನ್‌ಕ್ರಿಮೆಂಟಿಗೆ ತೊಂದರೆ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯ್ತು. ನಿಮ್ಮ ಮನೇಲಿ ಸರ್ಕಾರಿ ನೌಕರರು ಇದ್ರೆ ಈ ಪರೀಕ್ಷೆಯ ಹೆಸರು ಕೇಳಿರ್ತೀರಿ.

ಅಮ್ಮ ಮೊದಲ ಸಲ ಫೇಲ್ ಆದ್ರು. ಆಫೀಸಲ್ಲಿ ತರಬೇತಿ ಅಂತ ಒಂದು ದಿನ ನಡೆದಿತ್ತು. ಮೂವತ್ತು ಜನಕ್ಕೆ ಆರು ಕಂಪ್ಯೂಟರ್, ಅದರಲ್ಲಿ ಎರಡು ಆನ್ ಆಗ್ಲಿಲ್ಲ. ಕಲಿಸೋಕೆ ಬಂದ ಹುಡುಗ ಪರದೆ ಮೇಲೆ ಸ್ಲೈಡ್ ತೋರಿಸಿ, ಊಟ ಮಾಡಿ ಹೋದ. ಅದಾದ ಮೇಲೆ ಕಲಿಸೋ ಕೆಲಸ ನನ್ನ ಪಾಲಿಗೆ ಬಂತು. ನಾನು ಹೇಗೆ ಕಲಿಸ್ತಿದ್ದೆ ಗೊತ್ತಾ? ಅವರು ಫೈಲ್ ಸೇವ್ ಮಾಡೋಕೆ ಹುಡುಕ್ತಿದ್ರೆ, "ಅಯ್ಯೋ, ಕೊಡಮ್ಮ ಇಲ್ಲಿ" ಅಂತ ಮೌಸ್ ಕಿತ್ಕೊಂಡು ನಾನೇ ಮಾಡಿಬಿಡ್ತಿದ್ದೆ. ಒಂದು ರಾತ್ರಿ ಅಮ್ಮ ಸಿಟ್ಟಾಗದೆ, ಮೆತ್ತಗೆ ಹೇಳಿದ್ರು: "ನೀನು ಮಾಡಿ ತೋರಿಸೋದು ನನಗೆ ಬೇಡ ಕಣೋ. ನನ್ನ ಕೈಲಿ ಮಾಡಿಸು."

ಆ ಮಾತು ನನ್ನ ತಲೇಲಿ ಕೂತುಬಿಡ್ತು. ಆಮೇಲೆ ನಮ್ಮ ಊರುಗಳಿಗೆ ಹೊಸ ತಂತ್ರಜ್ಞಾನ ಬಂದ ಚರಿತ್ರೆ ಓದಿದಾಗಲೆಲ್ಲ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ. ಯಂತ್ರವನ್ನ ತಂದೋರ ಹೆಸರು ಎಲ್ಲ ಕಡೆ ಇರುತ್ತೆ. ಅದನ್ನ ನಡೆಸೋರಿಗೆ ಕಲಿಸಿದ್ದು ಯಾರು? ಯಾವಾಗ?

ಪ್ಲೇಗು ಮತ್ತು ಟೆಲಿಫೋನು

ಮೊದಲು 1898ಕ್ಕೆ ಹೋಗೋಣ. ಆ ವರ್ಷ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ರು, ಇನ್ನೂ ಎಷ್ಟೋ ಜನ ಊರು ಬಿಟ್ಟು ಓಡಿದ್ರು. ಮಲ್ಲೇಶ್ವರ, ಬಸವನಗುಡಿಯಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದು ಈ ಭಯದ ನಂತರ. ಇದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಪ್ಲೇಗು ತಡೆಯೋ ಕೆಲಸ ಹೊಂದಿಸೋಕೆ ಅಂತ ಆಗ ಊರಲ್ಲಿ ಟೆಲಿಫೋನ್ ತಂತಿ ಎಳೆದ್ರು. ಯಾವ ಬೀದಿಯಲ್ಲಿ ಕಾಯಿಲೆ, ಎಲ್ಲಿಗೆ ಜನ ಕಳಿಸಬೇಕು ಅನ್ನೋದು ಕುದುರೆ ಮೇಲೆ ಹೋಗಿ ಬರೋದಕ್ಕಿಂತ ಬೇಗ ಗೊತ್ತಾಗಬೇಕಿತ್ತು.

ಈಗ 2020 ನೆನಪಿಸ್ಕೊಳ್ಳಿ. ಕೋವಿಡ್ ಬಂದಾಗ ದೇಶದ ಎಷ್ಟೋ ಊರುಗಳಲ್ಲಿ ಸ್ಮಾರ್ಟ್ ಸಿಟಿಯ ಕಮಾಂಡ್ ಸೆಂಟರ್‌ಗಳೇ ರಾತ್ರೋರಾತ್ರಿ ವಾರ್ ರೂಂ ಆದ್ವು. ಗೋಡೆ ತುಂಬ ಪರದೆ, ಪರದೆ ಮೇಲೆ ಮ್ಯಾಪು, ಮ್ಯಾಪಿನ ಮೇಲೆ ಕೆಂಪು ಚುಕ್ಕಿ. ನಡುವೆ 122 ವರ್ಷ, ಕೆಲಸ ಅದೇ. ಎರಡೂ ಸಲ ಒಂದು ಮಾತು ಮಾತ್ರ ಬದಲಾಗ್ಲಿಲ್ಲ: ತಂತಿಯ ಆ ತುದಿಯಲ್ಲಿ ಮನೆ ಮನೆಗೆ ಹೋಗಿ ನೋಡಿ ನಿಜ ಹೇಳೋ ಮನುಷ್ಯ ಇಲ್ಲದಿದ್ರೆ, ಈ ತುದಿಯಲ್ಲಿ ಕೂತೋನಿಗೆ ಏನೂ ಕಾಣಲ್ಲ.

ಕರೆಂಟು ಬಂದು 15 ವರ್ಷದ ಮೇಲೆ

ಮುಂದಿನದು ಕರೆಂಟು. ಈ ಕತೆ ನಾವೆಲ್ಲ ಶಾಲೇಲಿ ಓದಿದ್ದೇವೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕಳಿಸಿದ್ರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆ ಹಿಂದೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡಿದ್ರು, ದೀಪ ಹತ್ತಿದ್ದು ನೋಡ್ಲಿಲ್ಲ. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ಕರೆಂಟ್ ದೀಪ ಬಂತು.

ಈಗ ನನ್ನ ಪ್ರಶ್ನೆ. ನಡೆಸೋರು ಯಾರು? ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದ್ದು, ಟರ್ಬೈನ್ ಸ್ವಿಟ್ಜರ್ಲೆಂಡಿನದ್ದು, ಯೋಜನೆ ಹಾಕಿದ ಎಂಜಿನಿಯರ್ ಲಾಟ್ಬಿನಿಯೇರ್ ಬ್ರಿಟಿಷ್ ಸೇನೆಯ ಅಧಿಕಾರಿ. ನಮ್ಮ ಹುಡುಗರಿಗೆ ಇದನ್ನ ಕ್ಲಾಸಲ್ಲಿ ಕೂರಿಸಿ ಕಲಿಸೋ ಜಾಗ ಮೈಸೂರು ರಾಜ್ಯದಲ್ಲಿ ಇರ್ಲಿಲ್ಲ. 1909ರಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟು, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನ ತಗೊಳ್ತು. ಶುರುವಿನ ವಿಭಾಗಗಳಲ್ಲಿ ಒಂದು ಎಲೆಕ್ಟ್ರಿಕಲ್ ಟೆಕ್ನಾಲಜಿ. ಅದು ಯಾಕೆ ಅಂತ ಈಗ ಅರ್ಥ ಆಗುತ್ತೆ. 1917ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ತೆರೀತು. ಕೆ.ಆರ್. ಸರ್ಕಲ್ಲಿನ ಹಳೇ ಕಟ್ಟಡ, ಯುವಿಸಿಇ, ನೀವು ನೋಡಿರ್ತೀರಿ.

ಲೆಕ್ಕ ಹಾಕಿ. ಕರೆಂಟ್ ಬಂದದ್ದು 1902. ಅದನ್ನ ನಮ್ಮೋರಿಗೆ ಡಿಗ್ರಿ ಮಟ್ಟದಲ್ಲಿ ಕಲಿಸೋ ರಾಜ್ಯದ ಸ್ವಂತ ಕಾಲೇಜು 1917. ಹದಿನೈದು ವರ್ಷ ತಡ. ಆದ್ರೆ ತಡವಾಗಿಯಾದ್ರೂ ಒಂದು ಸಂಸ್ಥೆ ಕಟ್ಟಿದ್ರು ನೋಡಿ, ಅದಕ್ಕೇ ಆ ವಿದ್ಯೆ ಇಲ್ಲೇ ಉಳೀತು. ಒಂದು ದಿನದ ತರಬೇತಿ ಕೊಟ್ಟು ಊಟ ಹಾಕಿ ಕಳಿಸಿದ್ರೆ ಉಳೀತಿತ್ತಾ?

ಪಹಣಿ ಮತ್ತು ಎರಡನೇ ಪರದೆ

ಈಗ ಒಂದು ಹಾರು ಹಾರಿ 1990ರ ದಶಕಕ್ಕೆ ಬರೋಣ. ಇದು ಹಳ್ಳಿಯ ಕತೆ ಅನ್ನಿಸಿದ್ರೂ, ಇವತ್ತಿನ ಸ್ಮಾರ್ಟ್ ಸಿಟಿಗೆ ಅಜ್ಜಿ ಇದ್ದಂಗೆ.

ಪಹಣಿ ಅಂದ್ರೆ ಜಮೀನು ಯಾರದ್ದು, ಎಷ್ಟು, ಏನು ಬೆಳೆ ಅಂತ ಹೇಳೋ ದಾಖಲೆ. ಮೊದಲು ಶಾನುಭೋಗರ ಕೈಲಿತ್ತು, ವಂಶಪಾರಂಪರ್ಯ ಹುದ್ದೆ ರದ್ದಾದ ಮೇಲೆ ಗ್ರಾಮಲೆಕ್ಕಿಗರ ಕೈಗೆ ಬಂತು. ಸುಮಾರು 9 ಸಾವಿರ ಗ್ರಾಮಲೆಕ್ಕಿಗರು, ಎಲ್ಲ ಕೈಬರಹ. ಒಂದು ನಕಲು ಬೇಕಂದ್ರೆ ರೈತ ಅವರು ಸಿಗೋ ತನಕ ಅಲೀಬೇಕು, ಕೈ ಬಿಸಿ ಮಾಡ್ಬೇಕು. ಇದನ್ನ ಕಂಪ್ಯೂಟರಿಗೆ ಹಾಕೋ ಮೊದಲ ಪ್ರಯತ್ನ 1990ರ ದಶಕದಲ್ಲಿ ನಡೀತು, ಕಲಬುರಗಿಯಲ್ಲಿ ಪ್ರಯೋಗವೂ ಆಯ್ತು. ಕೈಹಿಡೀಲಿಲ್ಲ. ಡೇಟಾ ಒಂದು ಸಲ ಟೈಪ್ ಮಾಡಿಟ್ರು, ಆದ್ರೆ ಜಮೀನು ಕೈ ಬದಲಾದಾಗ ಅದನ್ನ ತಿದ್ದೋ ವ್ಯವಸ್ಥೆ ಆಫೀಸಿನ ದಿನನಿತ್ಯದ ಕೆಲಸ ಆಗ್ಲಿಲ್ಲ. ತಿದ್ದದ ದಾಖಲೆ ಹಳೇ ಪೇಪರ್ ಇದ್ದಂಗೆ, ಕಟ್ಟಿಡೋಕೆ ಮಾತ್ರ.

ಎರಡನೇ ಪ್ರಯತ್ನವೇ 'ಭೂಮಿ'. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಎನ್‌ಐಸಿಯ ಸಾಫ್ಟ್‌ವೇರ್. 2001ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಬಂದಿತ್ತು. ಆಗ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ರೆ ಪಹಣಿ ಕೈಗೆ ಸಿಗ್ತಿತ್ತು.

ಈ ಸಲ ಹೇಗೆ ನಿಂತಿತು? ಮೂರು ಕಾರಣ ನನಗೆ ಕಾಣುತ್ತೆ. ಒಂದು, ಕಂಪ್ಯೂಟರ್ ಮುಂದೆ ಹೊರಗಿನ ಕಂಪನಿಯ ಹುಡುಗರನ್ನ ಕೂರಿಸ್ಲಿಲ್ಲ, ಕಂದಾಯ ಇಲಾಖೆಯ ಸ್ವಂತ ನೌಕರರನ್ನೇ ತರಬೇತಿ ಕೊಟ್ಟು ಕೂರಿಸಿದ್ರು. ಬೆರಳಚ್ಚು ಇಟ್ಟೇ ಒಳಗೆ ಹೋಗ್ಬೇಕು, ಹಾಗಾಗಿ ಯಾರು ಏನು ತಿದ್ದಿದ್ರು ಅನ್ನೋದು ದಾಖಲಾಗುತ್ತೆ. ಎರಡು, ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದ್ರು, ಹಳೇ ದಾರಿಗೆ ವಾಪಸ್ ಹೋಗೋ ಹಾಗಿಲ್ಲ. ಮೂರನೆಯದು ನನಗೆ ತುಂಬ ಇಷ್ಟ. ಕಿಯೋಸ್ಕಿನಲ್ಲಿ ಎರಡು ಪರದೆ ಇತ್ತು. ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ತನ್ನ ಹೆಸರು ಟೈಪ್ ಆಗೋದನ್ನ ರೈತ ಕಣ್ಣಾರೆ ನೋಡ್ತಿದ್ದ. ನೌಕರನ ಜೊತೆ ಜನರೂ ಕಲಿಯೋ ವ್ಯವಸ್ಥೆ ಅದು.

ಭೂಮಿಗೆ ಟೀಕೆಗಳೂ ಇವೆ. ದಾಖಲೆ ಸಲೀಸಾಗಿ ಸಿಗೋದ್ರಿಂದ ದೊಡ್ಡ ಜಮೀನು ಖರೀದಿದಾರರಿಗೇ ಹೆಚ್ಚು ಅನುಕೂಲ ಆಯ್ತು, ಲಂಚ ಜಾಗ ಬದಲಿಸ್ತು ಅಂತ ಬರೆದ ಸಂಶೋಧಕರಿದ್ದಾರೆ. ಅದನ್ನ ತಳ್ಳಿ ಹಾಕೋಕಾಗಲ್ಲ. ಆದ್ರೆ ಯಂತ್ರ ಆಫೀಸಿನ ಮೂಲೇಲಿ ಧೂಳು ತಿನ್ನಲಿಲ್ಲ ಅನ್ನೋದೂ ನಿಜ.

ಇಲ್ಲೇ ಇನ್ನೊಂದು ಮಾತು. ಕನ್ನಡದಲ್ಲಿ ಟೈಪ್ ಮಾಡೋಕೆ ಬಾರದಿದ್ರೆ ಇದ್ಯಾವುದೂ ನಡೀತಿರ್ಲಿಲ್ಲ. ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡದ ಉಚ್ಚಾರಣೆ ಹಿಡಿದು ಟೈಪ್ ಮಾಡೋ ವಿನ್ಯಾಸ ಕೊಟ್ಟೋರು ಕೆ.ಪಿ. ರಾವ್. ಅದೇ ದಾರಿ ಹಿಡಿದ 'ನುಡಿ' ತಂತ್ರಾಂಶವನ್ನ ಕನ್ನಡ ಗಣಕ ಪರಿಷತ್ತು ಮಾಡ್ತು, ಜನರಿಗೆ ಪುಕ್ಕಟೆಯಾಗಿ ಸಿಕ್ತು. ನಮ್ಮಮ್ಮ ಒತ್ತಕ್ಷರಕ್ಕೆ ಯಾವ ಕೀ ಅಂತ ಚೀಟಿ ಬರೆದು ಮಾನಿಟರಿಗೆ ಅಂಟಿಸ್ಕೊಂಡಿದ್ರು. ತಿಂಗಳಾದ ಮೇಲೆ ಚೀಟಿ ಬಿತ್ತು, ಮತ್ತೆ ಅಂಟಿಸ್ಲಿಲ್ಲ. ಬೆರಳಿಗೇ ಗೊತ್ತಾಗಿತ್ತು.

ನೀರು ಬಿಡೋರ ಫೋನ್ ಕಾಲ್

ಈಗ ನಿಜವಾದ ಊರಿನ ಕತೆ. ಹುಬ್ಬಳ್ಳಿಯೋರು ಇದನ್ನ ಕೇಳ್ತಿದ್ರೆ ಗೊತ್ತಿರುತ್ತೆ, ನಲ್ಲಿ ನೀರಿಗೆ ದಿನಗಟ್ಟಲೆ ಕಾಯೋದು ಅಂದ್ರೆ ಏನು ಅಂತ. ಯಾವ ದಿನ ಅನ್ನೋದು ಗೊತ್ತಿದ್ರೂ ಯಾವ ಹೊತ್ತು ಅನ್ನೋದು ಗೊತ್ತಿಲ್ಲ. ಮನೇಲಿ ಒಬ್ಬರು ಕೆಲಸ ಬಿಟ್ಟು ಕಾಯ್ಲೇಬೇಕು. ಸಾಮಾನ್ಯವಾಗಿ ಹೆಣ್ಣುಮಕ್ಕಳು.

2011ರ ಹೊತ್ತಿಗೆ ಅಲ್ಲಿ ನೆಕ್ಸ್ಟ್‌ಡ್ರಾಪ್ ಅನ್ನೋ ಸಂಸ್ಥೆ ಒಂದು ಸರಳ ಉಪಾಯ ತಂತು. ಬೀದಿ ಬೀದಿಗೆ ನೀರು ಬಿಡೋದು ವಾಲ್ವ್‌ಮನ್. ಅವರು ವಾಲ್ವ್ ತಿರುಗಿಸೋ ಹೊತ್ತಿಗೆ ಒಂದು ಫೋನ್ ಮಾಡಿದ್ರೆ ಸಾಕು, ಆ ಬೀದಿಯೋರಿಗೆಲ್ಲ ಮೆಸೇಜ್ ಹೋಗುತ್ತೆ. ಸೆನ್ಸರ್ ಬೇಡ, ಕೋಟಿ ರೂಪಾಯಿ ಬೇಡ. ಎಲ್ಲರೂ ಮೆಚ್ಚಿದ್ರು. ಆಮೇಲೆ ಅದು ಬೆಂಗಳೂರಿಗೂ ಬಂತು.

ಬೆಂಗಳೂರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನ ಪರೀಕ್ಷೆ ಮಾಡಿದ್ರು, 2018ರಲ್ಲಿ ವರದಿ ಪ್ರಕಟ ಆಯ್ತು. ಜನರ ಬದುಕಲ್ಲಿ ಅಂದುಕೊಂಡಷ್ಟು ಬದಲಾವಣೆ ಕಾಣ್ಲಿಲ್ಲ. ಯಾಕೆ ಅಂತ ನೋಡಿದ್ರೆ, ಮೊದಲನೇದಾಗಿ ವಾಲ್ವ್‌ಮನ್‌ಗಳಿಂದ ಮಾಹಿತಿ ಸರಿಯಾಗಿ, ಹೊತ್ತಿಗೆ ಸರಿಯಾಗಿ ಬರ್ತಿರ್ಲಿಲ್ಲ. ಎರಡನೇದಾಗಿ, ಮೆಸೇಜ್ ಹೋಗ್ತಿದ್ದ ಫೋನು ಎಷ್ಟೋ ಕಡೆ ನೀರಿಗೆ ಕಾಯೋರ ಕೈಲೇ ಇರ್ಲಿಲ್ಲ. ಫೋನು ಗಂಡನ ಜೇಬಲ್ಲಿ, ಗಂಡ ಕೆಲಸದ ಮೇಲೆ, ಹೆಂಡತಿ ನಲ್ಲಿ ಮುಂದೆ.

ಇದನ್ನ ಓದಿ ನಾನು ವಾಲ್ವ್‌ಮನ್‌ಗಳನ್ನ ಬೈಯಲಿಲ್ಲ. ನೀವೂ ಒಂದು ನಿಮಿಷ ಅವರ ಜಾಗದಲ್ಲಿ ನಿಂತು ನೋಡಿ. ಬೆಳಗಿನ ಜಾವ ಎದ್ದು, ಗುಂಡಿಗೆ ಕೈ ಹಾಕಿ, ತುಕ್ಕು ಹಿಡಿದ ವಾಲ್ವ್ ತಿರುಗಿಸ್ಬೇಕು. ಬೀದಿಯೋರ ಬೈಗುಳ ಕೇಳ್ಬೇಕು. ಮೇಲಿನ ಅಧಿಕಾರಿಗೆ ಉತ್ತರ ಕೊಡ್ಬೇಕು. ಅದರ ಮೇಲೆ ಪ್ರತಿ ಸಲ ಒಂದು ಫೋನ್. ಆ ಫೋನ್ ಮಾಡಿದ್ರೆ ಅವರ ಕೆಲಸ ಹಗುರ ಆಗುತ್ತಾ? ತಪ್ಪಿದ್ರೆ ಯಾರಿಗೆ ಏನಾಗುತ್ತೆ ಅಂತ ಯಾರಾದ್ರೂ ಕೂರಿಸಿ ಹೇಳಿದ್ರಾ? ಇಡೀ ವ್ಯವಸ್ಥೆ ನಿಂತಿರೋದೇ ಆ ಒಬ್ಬ ಮನುಷ್ಯನ ಮೇಲೆ, ಆದ್ರೆ ಹೊಗಳಿಕೆಯೆಲ್ಲ ಆ್ಯಪಿಗೆ.

ನೂರು ಊರು, ಹತ್ತು ವರ್ಷ

2015ರ ಜೂನ್ 25ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ ಶುರು ಮಾಡ್ತು. ದೇಶದ 100 ಊರು, ಕೇಂದ್ರದಿಂದ 48 ಸಾವಿರ ಕೋಟಿ ರೂಪಾಯಿ. ನಮ್ಮ ರಾಜ್ಯದಿಂದ ಏಳು: 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಬೆಳಗಾವಿ ಮತ್ತು ದಾವಣಗೆರೆ, ಅದೇ ವರ್ಷ ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡ, 2017ರಲ್ಲಿ ಬೆಂಗಳೂರು. ಮಿಷನ್ 2025ರ ಮಾರ್ಚ್ 31ಕ್ಕೆ ಮುಗೀತು. ಅಷ್ಟರಲ್ಲಿ ನೂರೂ ಊರುಗಳಲ್ಲಿ ಕಮಾಂಡ್ ಸೆಂಟರ್ ಎದ್ದಿತ್ತು.

ಒಂದು ವಿಷಯ ಗಮನಿಸಿ. ಪ್ರತಿ ಊರಲ್ಲೂ ಈ ಕೆಲಸಕ್ಕೆ ಪ್ರತ್ಯೇಕ ಕಂಪನಿ ಮಾಡಿದ್ರು, ಕಂಪನಿ ಕಾಯ್ದೆಯ ಪ್ರಕಾರ. ಬೇಗ ಕೆಲಸ ಆಗ್ಲಿ ಅನ್ನೋದು ಉದ್ದೇಶ. ಹೀಗಾಗಿ ಹೊಸ ತಂತ್ರಜ್ಞಾನ ಬಂದದ್ದು ಆ ಕಂಪನಿಗೆ, ಅದು ಗುತ್ತಿಗೆ ಕೊಟ್ಟ ಸಂಸ್ಥೆಗಳಿಗೆ. ಪಕ್ಕದ ಕಟ್ಟಡದ ಪಾಲಿಕೆಯಲ್ಲಿ ಮೂವತ್ತು ವರ್ಷದಿಂದ ಊರನ್ನ ನೋಡ್ಕೊಂಡು ಬಂದ ನೌಕರರು ಪರದೆ ಗೋಡೆಯನ್ನ ಉದ್ಘಾಟನೆ ದಿನ ನೋಡಿ ಬಂದ್ರು, ಅಷ್ಟೆ.

ದೆಹಲಿಯಲ್ಲಿ ಈ ಕೊರತೆ ಯಾರಿಗೂ ಕಾಣ್ಲಿಲ್ಲ ಅಂತಲ್ಲ. 2019ರ ಹೊತ್ತಿಗೆ ಪ್ರತಿ ಸ್ಮಾರ್ಟ್ ಸಿಟಿಗೂ ಒಬ್ಬ ಸಿಟಿ ಡೇಟಾ ಆಫೀಸರ್ ಇರಬೇಕು ಅಂತ ಹೇಳಿದ್ರು. 2020ರ ಜೂನ್‌ನಲ್ಲಿ 'ಟುಲಿಪ್' ಬಂತು. ಹೊಸದಾಗಿ ಡಿಗ್ರಿ ಮುಗಿಸಿದೋರು ಪಾಲಿಕೆಗಳಲ್ಲಿ, ಸ್ಮಾರ್ಟ್ ಸಿಟಿಗಳಲ್ಲಿ 8 ವಾರದಿಂದ 1 ವರ್ಷದ ತನಕ ಇಂಟರ್ನ್ ಆಗಿ ಕೆಲಸ ಕಲಿಯೋ ಯೋಜನೆ. ಅದೇ ವರ್ಷ ಸರ್ಕಾರಿ ನೌಕರರ ಕಲಿಕೆಗೆ ಮಿಷನ್ ಕರ್ಮಯೋಗಿಗೆ ಒಪ್ಪಿಗೆ ಸಿಕ್ತು, ಫೋನಲ್ಲೇ ಪಾಠ ಕೇಳೋ ವ್ಯವಸ್ಥೆ. ಊರಿನ ಬೇರೆ ಬೇರೆ ಇಲಾಖೆಯ ಡೇಟಾ ಒಂದಕ್ಕೊಂದು ಸಿಗೋ ಹಾಗೆ ಮಾಡೋ ವೇದಿಕೆ ಕಟ್ಟಿದ್ದು ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೇ. 1911ರಲ್ಲಿ ಕರೆಂಟಿನ ಪಾಠ ಶುರು ಮಾಡಿದ ಅದೇ ಆವರಣ.

ಆದ್ರೆ ತಾರೀಖು ನೋಡಿ. ಮಿಷನ್ 2015ಕ್ಕೆ, ಕಲಿಸೋ ಯೋಚನೆ 2019, 2020ಕ್ಕೆ. ಹತ್ತು ವರ್ಷದ ಕೆಲಸದಲ್ಲಿ ಅರ್ಧ ದಾರಿ ಆದ ಮೇಲೆ. 1902 ಮತ್ತು 1917ರ ಲೆಕ್ಕವೇ ಮತ್ತೆ. ಈಗ ಮಿಷನ್ ಮುಗಿದಿದೆ. ಕ್ಯಾಮೆರಾ, ಸೆನ್ಸರ್, ಸರ್ವರ್ ಉಳಿದಿವೆ. ಅವುಗಳ ಗುತ್ತಿಗೆ ಒಂದು ದಿನ ಮುಗಿಯುತ್ತೆ. ಆವತ್ತು ಪಾಸ್‌ವರ್ಡ್ ಜೊತೆ ವಿದ್ಯೆಯೂ ಹೊರಟು ಹೋಗುತ್ತಾ, ಅಥವಾ ಊರಲ್ಲೇ ಉಳಿಯುತ್ತಾ?

12ನೇ ನಂಬರಿನ ಎರಡು ಮನೆ

ಮತ್ತೆ ನಮ್ಮಮ್ಮನ ಹತ್ರ ಬರ್ತೀನಿ. ಎರಡನೇ ಸಲ ಪಾಸಾದ್ರು. ಆವತ್ತು ಮನೇಲಿ ಕೇಸರಿಬಾತ್. ಆಮೇಲೆ ಅವರ ಆಫೀಸಲ್ಲಿ ಆಸ್ತಿ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕೋ ಕೆಲಸ ಬಂತು. ಹೊರಗಿನಿಂದ ಬಂದ ಹುಡುಗರು ಚುರುಕಾಗಿ ಟೈಪ್ ಮಾಡ್ತಿದ್ರು. ಒಂದು ದಿನ ಸಾಫ್ಟ್‌ವೇರ್ ಒಂದು ಕಡೆ ನಿಂತ್ಕೊಂಡ್ತು. ಒಂದೇ ಬೀದಿಯಲ್ಲಿ 12ನೇ ನಂಬರಿನ ಎರಡು ಮನೆ. ಹುಡುಗ ಒಂದನ್ನ ತಪ್ಪು ಅಂತ ಅಳಿಸೋಕೆ ಹೊರಟಿದ್ದ.

ಅಮ್ಮ ತಡೆದ್ರು. ಅಣ್ಣತಮ್ಮಂದಿರು ಪಾಲಾಗಿ ನಡುವೆ ಗೋಡೆ ಎಬ್ಬಿಸಿದ್ದು, ಇಬ್ಬರೂ ಬೇರೆ ಬೇರೆ ಕಂದಾಯ ಕಟ್ತಿರೋದು ಅವರಿಗೆ ಗೊತ್ತಿತ್ತು. ಯಾಕಂದ್ರೆ ಇಪ್ಪತ್ತು ವರ್ಷದಿಂದ ರಸೀದಿ ಬರೆದದ್ದು ಅವರೇ. ಅಳಿಸಿದ್ರೆ ತಮ್ಮನ ಮನೆ ಕಾಗದದ ಮೇಲೆ ಮಾಯ. ಖಾತೆ ಇಲ್ಲ, ಸಾಲ ಇಲ್ಲ, ಮಾರೋ ಹಾಗಿಲ್ಲ. ಹಳೇ ರಿಜಿಸ್ಟರ್ ತೆಗೆಸಿ, ಹೊಸ ನಂಬರ್ ಕೊಡಿಸಿದ್ರು. ಆ ಹುಡುಗ ಆಮೇಲೆ ಅಮ್ಮನ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡ. ಅವನು ಇವರಿಗೆ ಎಕ್ಸೆಲ್ ಹೇಳಿಕೊಟ್ಟ, ಇವರು ಅವನಿಗೆ ಊರು ಹೇಳಿಕೊಟ್ರು.

ನೋಡಿ, ಇಷ್ಟು ಚರಿತ್ರೆ ಓದಿ ನನಗೆ ಅರ್ಥ ಆದದ್ದು ಇದು. ಕಲಿಸೋದು ಅಂದ್ರೆ ನಾವು ತುಂಬಿದ ಕೊಡ, ಅವರು ಖಾಲಿ ಕೊಡ ಅಂತಲ್ಲ. ನಿಮಗೆ ಫೋನ್ ಗೊತ್ತು. ಅವರಿಗೆ ಯಾವ ಬೀದಿಯ ಚರಂಡಿ ಎಲ್ಲಿ ಕಟ್ಟುತ್ತೆ, ಯಾವ ವಾಲ್ವ್ ಎಷ್ಟು ಸುತ್ತು ತಿರುಗಬೇಕು ಅಂತ ಗೊತ್ತು. ಎರಡೂ ಒಂದೇ ಟೇಬಲ್ಲಿಗೆ ಬರಬೇಕು.

ನಿಮ್ಮಲ್ಲಿ ಡಿಗ್ರಿ ಮುಗಿಸ್ತಿರೋರು, ನಿಮ್ಮೂರಿನ ಪಾಲಿಕೆಯಲ್ಲಿ ಇಂಟರ್ನ್ ಆಗೋ ಅವಕಾಶ ಇದೆಯಾ ಅಂತ ಒಂದು ಸಲ ವಿಚಾರಿಸಿ. ಸಿಕ್ಕಿದ್ರೆ ಡ್ಯಾಶ್‌ಬೋರ್ಡ್ ಮಾಡೋಕೆ ಮುಂಚೆ ಒಂದು ವಾರ ವಾಲ್ವ್‌ಮನ್ ಜೊತೆ, ಪೌರಕಾರ್ಮಿಕರ ಜೊತೆ ಬೆಳಗಿನ ಜಾವ ಓಡಾಡಿ ಬನ್ನಿ. ಮನೇಲಿ ಅಪ್ಪ, ಅಮ್ಮ, ಚಿಕ್ಕಪ್ಪ ಯಾರಾದ್ರೂ ಇಂಥ ಪರೀಕ್ಷೆಗೆ ಕೂತಿದ್ರೆ, ದಯವಿಟ್ಟು ಮೌಸ್ ಕಿತ್ಕೋಬೇಡಿ. ನಾನು ಆ ತಪ್ಪು ಮಾಡಿದೋನು.

ನಮ್ಮಮ್ಮ ಇನ್ನೆರಡು ವರ್ಷಕ್ಕೆ ನಿವೃತ್ತಿ ಆಗ್ತಾರೆ. ಅವರ ತಲೇಲಿರೋ ಬೀದಿಗಳನ್ನ ಯಾರೂ ಇನ್ನೂ ಬರೆದುಕೊಂಡಿಲ್ಲ. ಈಗೀಗ ಭಾನುವಾರ ನಾನೇ ನೋಟ್‌ಬುಕ್ ಹಿಡ್ಕೊಂಡು ಕೂತ್ಕೋತೀನಿ. ಅವರು ಹೇಳ್ತಾರೆ, ನಾನು ಬರೀತೀನಿ. ನಾನು ಅವಸರ ಮಾಡಿದ್ರೆ, "ನಿಧಾನ ಕಣೋ, ತಪ್ಪು ಬರೀಬೇಡ" ಅಂತಾರೆ.

ಇವತ್ತಿಗೆ ಇಷ್ಟು. ನಿಮ್ಮೂರಲ್ಲೂ ಇಂಥ ಕತೆ ಇದ್ರೆ ಹೇಳಿ, ಕೇಳೋಕೆ ನಾನು ರೆಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.